ಲಾಭಕ್ಕಾಗಿ ವ್ಯಾಪಾರ ಮಾಡುವುದೆಲ್ಲ ದುರಾಸೆಯೇ?

ಅಲ್ಲ. ಲಾಭವಿಲ್ಲದೆ ಯಾವ ವ್ಯಾಪಾರವೂ ನಡೆಯುವುದಿಲ್ಲ. ಲಾಭಕ್ಕಾಗಿ ಗಿರಾಕಿಗೆ ಬೇಕಂತಲೇ ಕಡಿಮೆ ಕೊಟ್ಟರೆ ಅದು ದುರಾಸೆ.

1924ರಲ್ಲಿ ದೊಡ್ಡ ಬಲ್ಬ್ ಕಂಪನಿಗಳು ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟ ಕಟ್ಟಿಕೊಂಡವು. ಬಲ್ಬಿನ ಆಯಸ್ಸು 1,000 ಗಂಟೆಗೆ ಇಳಿಯಬೇಕು ಎಂದು ಒಪ್ಪಂದವಾಯಿತು. ಅದಕ್ಕಿಂತ ಜಾಸ್ತಿ ಬಾಳುವ ಬಲ್ಬುಗಳು ಆಗಲೇ ಮಾರುಕಟ್ಟೆಯಲ್ಲಿದ್ದವು. ಮಿತಿ ಮೀರಿ ಬಾಳುವ ಬಲ್ಬ್ ತಯಾರಿಸಿದವರಿಗೆ ದಂಡ! ಬೇಗ ಸುಟ್ಟುಹೋಗುವ ಬಲ್ಬ್ ಹೆಚ್ಚು ಪ್ರಕಾಶ ಕೊಡುತ್ತದೆ ಎಂದು ಸಮಜಾಯಿಷಿಯೂ ಇತ್ತು. ಅದರಲ್ಲಿ ಸ್ವಲ್ಪ ನಿಜವಿದೆ, ಆದರೆ ದಂಡ ಯಾಕೆ?

ಭೋಗದ ಹುಚ್ಚು ಈ ದುರಾಸೆಗಿಂತ ಬೇರೆ. ಅದು ಕೊಳ್ಳುವವರ ಕಡೆಯದು: ವಸ್ತುವಿದ್ದರೇ ನನಗೆ ಬೆಲೆ ಎನ್ನುವ ನಂಬಿಕೆ. ಜಾಹೀರಾತು ಹಿಡಿಯುವುದು ಇದನ್ನೇ. ಚೆನ್ನಾಗಿರುವ ಫೋನ್ ಕೂಡ ಹೊಸ ಮಾದರಿ ಬಂದ ಕೂಡಲೇ ಸಪ್ಪೆ ಅನಿಸುತ್ತದೆ, ಅಲ್ವಾ?