ಉದ್ಯಾನದ ನಡುವೆ ಗೋಡೆಯಿಲ್ಲದ ಗುಮ್ಮಟ

ಪ್ರಶ್ನೆ: ಬೀದರ್‌ಗೆ ವರ್ಗವಾಗಿ ಬಂದಿದ್ದೇವೆ. ಅಪ್ಪ ದಿನಾ ಬೆಳಿಗ್ಗೆ ಬರೀದ್ ಶಾಹಿ ಉದ್ಯಾನಕ್ಕೆ ವಾಕಿಂಗ್ ಹೋಗುತ್ತಾರೆ. ಅಲ್ಲಿನ ದೊಡ್ಡ ಗುಮ್ಮಟ ಯಾರದ್ದು? ಗೋಡೆಗಳು ಬಿದ್ದುಹೋಗಿವೆಯೇ?
– ಓದುಗರೊಬ್ಬರು, ಬೀದರ್

ಉತ್ತರ: ಇಲ್ಲ ತಾಯಿ, ಗೋಡೆ ಬಿದ್ದಿಲ್ಲ. ಕಟ್ಟಿದ್ದೇ ಹಾಗೆ, ನಾಲ್ಕೂ ಕಡೆ ತೆರೆದ ಕಮಾನು. ಅದು ಬೀದರ್ ಆಳಿದ ಸುಲ್ತಾನ ಅಲಿ ಬರೀದ್ ಶಾಹನ ಸಮಾಧಿ. 1580ರಲ್ಲಿ ತೀರಿಕೊಂಡ ಆತ, ತಾನು ಬದುಕಿದ್ದಾಗಲೇ ಇದನ್ನು ಕಟ್ಟಿಸಿಕೊಂಡಿದ್ದ. ಕೋಟೆಯೊಳಗಿನ ರಂಗೀನ್ ಮಹಲಿಗೆ ಮುತ್ತಿನ ಚಿಪ್ಪಿನ ಕುಸುರಿ ಮಾಡಿಸಿದವನೂ ಇವನೇ. ಅವನ ವಂಶದ ಆಳ್ವಿಕೆ 1619ರಲ್ಲಿ ಮುಗಿಯಿತು, ಬೀದರ್ ವಿಜಯಪುರದ ಆದಿಲಶಾಹಿಗಳ ಕೈಸೇರಿತು.

ನಾನು ಅಲ್ಲಿ ನಡೆಯಲು ಶುರುಮಾಡಿ ಬಹಳ ವರ್ಷಗಳಾದವು. ಎರಡು ಸುತ್ತು ಮುಗಿಸಿ ಗುಮ್ಮಟದ ನೆರಳಿಗೆ ಹೋಗಿ ಕೂರುತ್ತೇನೆ. ಏಪ್ರಿಲ್ ಬಿಸಿಲಲ್ಲೂ ಕಮಾನುಗಳ ನಡುವೆ ಗಾಳಿ ಹಾಯುತ್ತದೆ. ಅಪ್ಪನವರಿಗೆ ಹೇಳಿ, ಒಳಗೆ ನಿಂತು ಒಮ್ಮೆ ತಲೆ ಎತ್ತಿ ನೋಡಲಿ: ಬಣ್ಣದ ಹೆಂಚುಗಳ ಮೇಲೆ ಪರ್ಷಿಯನ್ ಪದ್ಯಗಳಿವೆ. ಮಧ್ಯದಲ್ಲಿ ನುಣುಪಾದ ಕರಿಕಲ್ಲಿನ ಗೋರಿ, ಕೈಯಿಟ್ಟರೆ ತಣ್ಣಗಿರುತ್ತದೆ.

ಹುಲ್ಲುಹಾಸು, ಮರದ ನೆರಳು, ನಡೆಯುವ ದಾರಿ ಎಲ್ಲ ಇವೆ, ಮಕ್ಕಳನ್ನೂ ಕರೆದೊಯ್ಯಿರಿ. ಕಳೆದ ವಾರ ಒಬ್ಬ ಹುಡುಗ ಗಾರೆಯ ಮೇಲೆ ಕೀಲಿಕೈಯಿಂದ ತನ್ನ ಹೆಸರು ಗೀರುತ್ತಿದ್ದ. ನೋಡಿ ಹೊಟ್ಟೆ ಉರಿಯಿತು. ಹತ್ತಿರ ಹೋಗಿ, "ಯಪ್ಪಾ, ನಾಲ್ಕು ನೂರು ವರ್ಷದ ಗಾರೆ ಇದು, ಮತ್ತ ಬರಂಗಿಲ್ಲ" ಅಂದೆ. ಕೀಲಿ ಕಿಸೆಗೆ ಹಾಕಿಕೊಂಡ. ನಿಮ್ಮ ಮಕ್ಕಳಿಗೆ ಈ ಮಾತನ್ನು ಮೊದಲೇ ಹೇಳಿಡಿ.