ಜೇಮ್ಸ್ ಬಾಲ್ಡ್ವಿನ್ ಯಾರು? ಅವರ ಯಾವ ಕಾದಂಬರಿ ಮೊದಲು ಓದಬೇಕು?
ನನ್ನ ಕೇಳಿದರೆ ‘ಜಿಯೋವನ್ನೀಸ್ ರೂಮ್’ನಿಂದಲೇ ಶುರು ಮಾಡಿ.

ಅಮೆರಿಕದ ಲೇಖಕ ಬಾಲ್ಡ್ವಿನ್ ಹುಟ್ಟಿದ್ದು 1924ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಬಡ ಕಪ್ಪು ಕುಟುಂಬ, ಮನೆ ತುಂಬ ಮಕ್ಕಳು, ಮಲತಂದೆ ಪಾದ್ರಿ. ಹದಿಹರೆಯದಲ್ಲಿ ತಾವೂ ಚರ್ಚಿನಲ್ಲಿ ಬೋಧನೆ ಮಾಡುತ್ತಿದ್ದರು. ಅವರ ವಾಕ್ಯಗಳಲ್ಲಿ ಆ ಲಯ ಕೊನೆಯವರೆಗೂ ಉಳಿಯಿತು. ಜನಾಂಗದ್ವೇಷ ತಾಳಲಾರದೆ 1948ರಲ್ಲಿ ಪ್ಯಾರಿಸ್‌ಗೆ ಹೋದರು. ಹಾರ್ಲೆಮ್ ಬದುಕಿನ ಬಗ್ಗೆ ಬರೆದ ಮೊದಲ ಕಾದಂಬರಿ ಬಂದದ್ದು 1953ರಲ್ಲಿ.

ಆಮೇಲೆ ಎಲ್ಲರೂ ಹಾರ್ಲೆಮ್ ಕಥೆಯನ್ನೇ ನಿರೀಕ್ಷಿಸುತ್ತಿದ್ದರು. ಅವರು ಬರೆದದ್ದು ಪ್ಯಾರಿಸ್‌ನಲ್ಲಿರುವ ಬಿಳಿಯ ಅಮೆರಿಕನ್ ಡೇವಿಡ್ ಮತ್ತು ಇಟಲಿಯ ಜಿಯೋವನ್ನಿ ಎಂಬ ಇಬ್ಬರು ಗಂಡಸರ ಪ್ರೇಮದ ಕಥೆ, ಅದೇ ‘ಜಿಯೋವನ್ನೀಸ್ ರೂಮ್’. ಮೊದಲ ಪುಸ್ತಕದ ಪ್ರಕಾಶಕರು ಇದನ್ನು ಬೇಡ ಎಂದರು. ಬೇರೆಯವರು 1956ರಲ್ಲಿ ಪ್ರಕಟಿಸಿದರು. ಆ ಕಾಲದಲ್ಲಿ ಇದು ಎಷ್ಟು ದೊಡ್ಡ ಧೈರ್ಯ ಅಲ್ವಾ! ಡೇವಿಡ್ ಪ್ರೀತಿಗಿಂತ ಜಾಸ್ತಿ ತನಗೇ ಹೆದರುತ್ತಾನೆ. ಆ ಹೆದರಿಕೆ ಜಿಯೋವನ್ನಿಯ ಬದುಕನ್ನೇ ಹಾಳು ಮಾಡುತ್ತದೆ. ಅದನ್ನು ಬಾಲ್ಡ್ವಿನ್ ಎಲ್ಲೂ ಮೃದು ಮಾಡುವುದಿಲ್ಲ. ನನಗೆ ಬಹಳ ಇಷ್ಟವಾಗುವುದು ಇದೇ.

ಮುಂದೆ ಬಾಲ್ಡ್ವಿನ್ ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟಕ್ಕೆ ದನಿಯಾದರು. 1963ರ ‘ದಿ ಫೈರ್ ನೆಕ್ಸ್ಟ್ ಟೈಮ್’ ಪ್ರಬಂಧಗಳನ್ನು ಎರಡನೆಯದಾಗಿ ಓದಿ. 1987ರಲ್ಲಿ, ದಕ್ಷಿಣ ಫ್ರಾನ್ಸಿನ ಸೇಂಟ್ ಪಾಲ್ ದ ವಾನ್ಸ್‌ನಲ್ಲಿ ತೀರಿಕೊಂಡರು.