ಕಲ್ಲು ಕರಗದೆಯೇ ಬೇರೆ ಕಲ್ಲಾಗುವುದು ಹೇಗೆ?

ಪ್ರಶ್ನೆ: ಸರ್, ನಾನು ಪಿಯುಸಿ ವಿದ್ಯಾರ್ಥಿನಿ. ಶಾಖ ಮತ್ತು ಒತ್ತಡದಿಂದ ರೂಪಾಂತರ ಶಿಲೆ ಆಗುತ್ತದೆ ಅಂತ ಪುಸ್ತಕದಲ್ಲಿ ಒಂದೇ ಸಾಲು ಇದೆ. ಅಷ್ಟು ಶಾಖ ಇದ್ದರೆ ಕಲ್ಲು ಕರಗಬೇಕಲ್ವಾ?
– ಓದುಗರು, ಕುಕನೂರು

ಕರಗಿ ಮತ್ತೆ ಗಟ್ಟಿಯಾದರೆ ಅದು ಅಗ್ನಿಶಿಲೆ. ರೂಪಾಂತರ ಶಿಲೆ ಹಾಗಲ್ಲ, ಅದು ಗಟ್ಟಿಯಾಗಿ ಇದ್ದುಕೊಂಡೇ ಒಳಗೊಳಗೆ ಬದಲಾಗುತ್ತದೆ. ಪುಸ್ತಕದ ಆ ಒಂದು ಸಾಲು ತಪ್ಪಲ್ಲ, ಆದರೆ ಶಾಖದ ಕೆಲಸ ಬೇರೆ, ಒತ್ತಡದ ಕೆಲಸ ಬೇರೆ. ಎರಡನ್ನೂ ಒಟ್ಟಿಗೆ ಹೇಳಿ ಮುಗಿಸಿದರೆ ಏನೂ ಅರ್ಥವಾಗುವುದಿಲ್ಲ.

ಮೊದಲು ಶಾಖ. ಭೂಮಿಯೊಳಗೆ ಇಳಿದಂತೆ ಕಿಲೋಮೀಟರಿಗೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ನಮ್ಮದರಂಥ ಬಹಳ ಹಳೆಯ ನೆಲದಲ್ಲಿ ಇದು ಕಡಿಮೆ, ಆದರೂ 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರ್ ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ದಾಟಿತ್ತು. ಸುಮಾರು 200 ಡಿಗ್ರಿ ಆದ ಮೇಲೆ ಖನಿಜಗಳೊಳಗಿನ ಪರಮಾಣುಗಳು ನಿಧಾನವಾಗಿ ಜಾಗ ಬದಲಿಸತೊಡಗುತ್ತವೆ. ಗ್ರಾನೈಟಿನಂಥ ಕಲ್ಲು ನೀರಿನಂಶ ಇದ್ದಾಗ 650–700 ಡಿಗ್ರಿಗೆ ಕರಗಲು ಶುರುವಾಗುತ್ತದೆ, ಒಣಗಿದ್ದರೆ ಇನ್ನೂ ಜಾಸ್ತಿ ಬೇಕು. ನಡುವೆ ಎಷ್ಟು ದೊಡ್ಡ ಅಂತರ ಇದೆ ನೋಡಿ. ರೂಪಾಂತರ ನಡೆಯುವುದೆಲ್ಲ ಆ ಅಂತರದಲ್ಲೇ. ಜೇಡಿಮಣ್ಣು ಗಟ್ಟಿಯಾಗಿ ಆದ ಕಲ್ಲು ಅಲ್ಲಿಗೆ ಇಳಿದರೆ ಮೊದಲು ಸ್ಲೇಟ್ ಆಗುತ್ತದೆ, ಬಿಸಿ ಏರಿದಂತೆ ಜೇಡಿಯ ಕಣಗಳೇ ಸೇರಿ ಕಾಗೆಬಂಗಾರದ ಹೊಳೆಯುವ ಹಾಳೆಗಳಾಗಿ ಬೆಳೆದು ಶಿಸ್ಟ್ ಆಗುತ್ತದೆ, ಇನ್ನೂ ಬಿಸಿಯಾದರೆ ಬಿಳಿ ಕಪ್ಪು ಪಟ್ಟೆಯ ನೈಸ್. ಸುಣ್ಣದ ಕಲ್ಲಿನ ಸಣ್ಣ ಹರಳುಗಳು ದೊಡ್ಡವಾದರೆ ಅಮೃತಶಿಲೆ. ಇದಕ್ಕೆಲ್ಲ ಲಕ್ಷಾಂತರ, ಕೋಟ್ಯಂತರ ವರ್ಷ ಬೇಕು.

ಇನ್ನು ಒತ್ತಡ. ಹತ್ತು ಕಿಲೋಮೀಟರ್ ಆಳದಲ್ಲಿ ಮೇಲಿನ ಬಂಡೆಗಳ ಭಾರ ನಾವು ಹೊತ್ತಿರುವ ಗಾಳಿಯ ಒತ್ತಡದ ಎರಡೂವರೆ ಸಾವಿರ ಪಟ್ಟಿಗಿಂತ ಹೆಚ್ಚು. ಅಲ್ಲಿ ಯಾವ ಖನಿಜ ಉಳಿಯಬೇಕು ಅಂತ ತೀರ್ಮಾನಿಸುವುದರಲ್ಲಿ ಒತ್ತಡಕ್ಕೂ ಪಾಲಿದೆ. ಆಂಡಲುಸೈಟ್, ಕಯನೈಟ್, ಸಿಲಿಮನೈಟ್ ಎಂಬ ಮೂರು ಖನಿಜಗಳಿವೆ, ಮೂರರಲ್ಲೂ ಇರುವುದು ಅದೇ ಅಲ್ಯುಮಿನಿಯಂ, ಸಿಲಿಕಾನ್, ಆಮ್ಲಜನಕ, ಅದೇ ಪ್ರಮಾಣದಲ್ಲಿ. ಒತ್ತಡ ಕಡಿಮೆ ಇದ್ದರೆ ಆಂಡಲುಸೈಟ್, ಜಾಸ್ತಿ ಇದ್ದರೆ ಕಯನೈಟ್, ಬಿಸಿ ಬಹಳ ಏರಿದರೆ ಸಿಲಿಮನೈಟ್. ಅದಕ್ಕೇ ಒಂದು ಕಲ್ಲಿನಲ್ಲಿ ಇವುಗಳಲ್ಲಿ ಯಾವುದಿದೆ ಎಂದು ನೋಡಿ, ಆ ಕಲ್ಲು ಎಂಥ ಆಳ, ಎಂಥ ಬಿಸಿ ಕಂಡಿತ್ತು ಅಂತ ಭೂವಿಜ್ಞಾನಿಗಳು ಅಂದಾಜು ಮಾಡುತ್ತಾರೆ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ಒತ್ತಡ ಎಂದರೆ ಮೇಲಿನ ಭಾರ ಮಾತ್ರ ಅಂದುಕೊಳ್ಳಬೇಡಿ. ಎಲ್ಲ ಕಡೆಯಿಂದ ಸಮನಾಗಿ ಒತ್ತಿದರೆ ಹಾಳೆ ಹಾಳೆಯಾದ ಕಲ್ಲು ಆಗುವುದೇ ಇಲ್ಲ. ಒಂದು ದಿಕ್ಕಿನಿಂದ ಜೋರಾಗಿ ಒತ್ತಿದಾಗ ಕಾಗೆಬಂಗಾರದ ಹಾಳೆಗಳು ಆ ದಿಕ್ಕಿಗೆ ಅಡ್ಡವಾಗಿ ಸಾಲುಗಟ್ಟುತ್ತವೆ. ನಮ್ಮ ಹಟ್ಟಿ, ಸಂಡೂರು ಕಡೆಯ ಶಿಸ್ಟ್ ಪಟ್ಟಿಗಳಲ್ಲಿ ಈ ಹಾಳೆಗಳು ಹೆಚ್ಚಿನ ಕಡೆ ಮಲಗಿಲ್ಲ, ಕಡಿದಾಗಿ ನಿಂತಿವೆ. ಅಂದರೆ ನೆಲವನ್ನು ಪಕ್ಕದಿಂದ ಹಿಸುಕಲಾಗಿತ್ತು.

ಪುಸ್ತಕದ ಸಾಲಿನಲ್ಲಿ ಬಿಟ್ಟುಹೋದ ಮೂರನೆಯದೂ ಒಂದಿದೆ: ನೀರು. ಕಣಗಳ ಸಂದಿಯಲ್ಲಿ ಬಿಸಿನೀರು ಇದ್ದರೆ ಪರಮಾಣುಗಳ ಓಡಾಟ ಬಹಳ ಸಲೀಸು. ನಿಮ್ಮೂರಿನ ಹತ್ತಿರವೇ ಇಟಗಿಯ ಮಹಾದೇವ ದೇವಾಲಯ ಇದೆ, 1112ರದ್ದು. ಅದರ ಬಳಪದ ಕಲ್ಲು ರೂಪಾಂತರ ಶಿಲೆಯೇ. ಕಬ್ಬಿಣ, ಮೆಗ್ನೀಷಿಯಂ ತುಂಬಿದ ಹಳೆಯ ಕಲ್ಲಿಗೆ ಬಿಸಿನೀರು ಸೇರಿ ಕ್ಲೋರೈಟ್, ಟಾಲ್ಕ್‌ನಂಥ ಮೆತ್ತನೆಯ ಖನಿಜಗಳು ಹುಟ್ಟುತ್ತವೆ. ಅಷ್ಟು ನಾಜೂಕಿನ ಕೆತ್ತನೆ ಆ ಕಂಬಗಳ ಮೇಲೆ ಸಾಧ್ಯವಾದದ್ದು ಕಲ್ಲು ಅಷ್ಟು ಮೆತ್ತಗಿದ್ದುದರಿಂದ. ಒಮ್ಮೆ ಹೋಗಿ ಹತ್ತಿರದಿಂದ ನೋಡಿ, ಉಗುರಿನಿಂದ ಗೀರಲು ಮಾತ್ರ ಹೋಗಬೇಡಿ.

ಪ್ರಶ್ನೆ: ಹಟ್ಟಿ ಗಣಿಯ ಕಪ್ಪು ಕಲ್ಲು ಒಂದು ಕಾಲದ ಲಾವಾ ಅಂತ ಕೇಳಿದ್ದೇನೆ. ಆಳದಲ್ಲಿ ಬದಲಾದದ್ದು ಮೇಲೆ ಬಂದು ತಣ್ಣಗಾದ ಮೇಲೆ ಹಳೇ ರೂಪಕ್ಕೆ ಯಾಕೆ ಮರಳಲಿಲ್ಲ?
– ಓದುಗರು, ಲಿಂಗಸುಗೂರು

ನೀವು ಕೇಳಿದ್ದು ನಿಜ. ಲಾವಾ ಆರಿ ಆದ ಬಸಾಲ್ಟ್, 500 ಡಿಗ್ರಿಗೂ ಮೀರಿದ ಬಿಸಿಯಲ್ಲಿ ಆಂಫಿಬೊಲೈಟ್ ಎಂಬ ಕಪ್ಪು ಕಲ್ಲಾಯಿತು. ಅದರ ಮೇಲಿದ್ದ ಕಿಲೋಮೀಟರ್‌ಗಟ್ಟಲೆ ಬಂಡೆ ಮಳೆ, ಗಾಳಿ, ಹೊಳೆಗಳಿಗೆ ಸವೆದು ಹೋಯಿತು. ಮೇಲಿನ ಭಾರ ಇಳಿದಂತೆ ಕೆಳಗಿನ ನೆಲ ಮೇಲೇಳುತ್ತದೆ.

ಹಿಂದೆ ಮರಳದಿರುವುದಕ್ಕೆ ಮುಖ್ಯ ಕಾರಣ ನೀರೇ. ಜೋಳದ ಹಿಟ್ಟು ನಾದಿ ಹಂಚಿನ ಮೇಲೆ ಹಾಕಿದರೆ ನೀರು ಹಾರಿ ರೊಟ್ಟಿಯಾಗುತ್ತದೆ, ಆರಿದ ಮಾತ್ರಕ್ಕೆ ರೊಟ್ಟಿ ಮತ್ತೆ ಹಿಟ್ಟಿನ ಮುದ್ದೆ ಆಗುತ್ತದಾ? ಕಲ್ಲು ಕಾಯುವಾಗಲೂ ಖನಿಜಗಳೊಳಗಿನ ನೀರು ಬಿಟ್ಟುಹೋಗುತ್ತದೆ. ಹಿಂದಿನ ಖನಿಜ ಮತ್ತೆ ಕಟ್ಟಲು ಆ ನೀರು ಬೇಕು, ಅದು ಅಲ್ಲಿಲ್ಲ. ಮೇಲಾಗಿ ತಣ್ಣಗಾದಂತೆ ಪರಮಾಣುಗಳ ಓಡಾಟವೂ ನಿಂತುಹೋಗುತ್ತದೆ. ಬಿರುಕುಗಳಲ್ಲಿ ಮತ್ತೆ ನೀರು ನುಗ್ಗಿದ ಕಡೆ ಮಾತ್ರ ಕಲ್ಲು ಒಂದಿಷ್ಟು ಹಿಂದಕ್ಕೆ ಹೋಗುತ್ತದೆ, ಆಂಫಿಬೊಲೈಟಿನ ಕಪ್ಪು ಖನಿಜ ಹಾರ್ನ್‌ಬ್ಲೆಂಡ್ ಹಸಿರು ಕ್ಲೋರೈಟ್ ಆಗುತ್ತದೆ. ಹಟ್ಟಿಯ ಬೆಣಚುಕಲ್ಲಿನ ಎಳೆಗಳಿಗೆ ಚಿನ್ನ ತಂದದ್ದೂ ಬಿರುಕುಗಳಲ್ಲಿ ಹರಿದ ಇಂಥ ಬಿಸಿನೀರೇ.

ಪ್ರಶ್ನೆ: ನಮ್ಮ ಅಡುಗೆ ಕಟ್ಟೆಯ ಗ್ರಾನೈಟಿನಲ್ಲಿ ಅಲೆಅಲೆ ಪಟ್ಟೆ ಇವೆ. ಸಂಡೂರಿನ ಅದಿರಿನ ಕಲ್ಲಿನಲ್ಲೂ ಪಟ್ಟೆ ಇವೆ. ಎರಡೂ ಒಂದೇನಾ?
– ಓದುಗರು, ಬಳ್ಳಾರಿ

ಒಂದೇ ಅಲ್ಲ. ನಿಮ್ಮ ಕಟ್ಟೆಯದು ನೈಸ್ ಇರಬಹುದು, ಪಾಲಿಶ್ ಹಿಡಿಯುವ ಗಟ್ಟಿ ಕಲ್ಲಿಗೆಲ್ಲ ಅಂಗಡಿಯಲ್ಲಿ ಗ್ರಾನೈಟ್ ಅಂತಲೇ ಹೇಳುತ್ತಾರೆ. ಅದರ ಪಟ್ಟೆಗಳು ಶಾಖ ಮತ್ತು ಒತ್ತಡದಲ್ಲಿ ಮೂಡಿದವು. ಸಂಡೂರಿನ ಪಟ್ಟೆಗಳು ಹಾಗಲ್ಲ. ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕಬ್ಬಿಣ ಒಂದು ಪದರ, ಸಿಲಿಕಾ ಒಂದು ಪದರ ಎಂದು ಕೂತದ್ದು ಅವು, ಆಮೇಲಿನ ರೂಪಾಂತರ ಅವುಗಳ ಹರಳುಗಳನ್ನು ಬದಲಿಸಿತು, ಪಟ್ಟೆ ಮೊದಲೇ ಇತ್ತು. ಪಟ್ಟೆ ಕಂಡ ಕೂಡಲೇ ರೂಪಾಂತರದ್ದು ಅನ್ನಬೇಡಿ.

ಕಟ್ಟೆಯ ಮಾತು ಬಂತಲ್ಲ, ಇನ್ನೊಂದು ಹೇಳುತ್ತೇನೆ. ಕಡಪ ಕಲ್ಲು ಸುಣ್ಣದ ಕಲ್ಲು, ಅಮೃತಶಿಲೆಯೂ ಸುಣ್ಣದಿಂದಲೇ ಆದದ್ದು. ಎರಡರ ಮೇಲೂ ನಿಂಬೆರಸ, ಹುಣಸೆ ನೀರು ಬಿದ್ದರೆ ಹೊಳಪು ಹೋಗಿ ಕಲೆ ಉಳಿಯುತ್ತದೆ, ತಕ್ಷಣ ಒರೆಸಿಬಿಡಿ. ನೈಸ್‌ಗೆ ಆ ಭಯ ಇಲ್ಲ.